ಅಪ್ಪನಿಗೆ ಇನ್ನೂ ಹುಷಾರಿಲ್ಲ

ರಾಂತೆಪಾವೊ
ಜೂನ್ ೯, ಸೋಮವಾರ

ನನ್ನ ಮುದ್ದು ರನ್ನು,

ಮಕಾಸ್ಸರಿನ ಆ ಸೆಕೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಿನ್ನ ಕಾಗದ ಸಿಕ್ಕಿತು. "ಅಪ್ಪನ ಬಗ್ಗೆ ನನಗೆ ದುಃಖವೂ ಇಲ್ಲ, ಕೋಪವೂ ಇಲ್ಲ. ನನ್ನ ಮನಸ್ಸು ನನಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ? ಅಂತ್ಯಕ್ರಿಯೆಗೇ ನೇರ ಬರ್ತೀನಿ" ಎಂದು ಬರೆದಿದ್ದೀಯಲ್ಲ ಮಾರಾಯ್ತಿ, ಓದಿ ನಗು ಬಂತು. ನಿನ್ನೆಯವರೆಗೆ ನಾನೂ ಇದೇ ಮಾತು ಆಡುತ್ತಿದ್ದೆ.

ನಿನ್ನೆ ಚರ್ಚು ಮುಗಿಸಿಕೊಂಡು, ಅಂತ್ಯಕ್ರಿಯೆಗೆ ದಿನ ಇಡಲಿಕ್ಕೆಂದೇ ಎಲ್ಲರೂ ನಮ್ಮಲ್ಲಿ ಸೇರಿದ್ದರು. ಬಲಿಯ ಕೋಣಗಳು ಗೊತ್ತಾಗಿವೆ, ನೆಂಟರಿಗೆ ಹೇಳಿಯಾಗಿದೆ. ನಾನು ಹೂಂ ಅನ್ನುವುದೊಂದೇ ಬಾಕಿ. ತಾಂದಿ ದೊಡ್ಡಪ್ಪ, "ಏನಮ್ಮಾ, ಮನಸ್ಸು ಗಟ್ಟಿಯಾಯ್ತಾ? ಆಮೇಲೆ ಹಿಂದೆ ಸರಿಯೋ ಹಾಗಿಲ್ಲ" ಎಂದು ಕೇಳಿದರು. "ಆಗಿದೆ ಭಾವ, ಅಳೋದೆಲ್ಲ ಅತ್ತು ಮುಗಿಸಿದೀನಿ" ಎಂದೆ. ಸುಳ್ಳು ಹೇಳಲಿಲ್ಲ ಕಣೇ. ಎದೆ ಮುಟ್ಟಿ ನೋಡಿಕೊಂಡೇ ಹೇಳಿದ್ದು.

ಆಗ ನಿನ್ನ ಸೋಬೋ ಅತ್ತೆ ನಿಮ್ಮಪ್ಪನ ಕೋಳಿ ಅಂಕದ ಕಥೆ ತೆಗೆದಳು. ಸೋತ ಹುಂಜವನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಗದ್ದೆಯಲ್ಲಿ ಓಡಿದರಲ್ಲ, ಅದು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಎಲ್ಲಿತ್ತೋ ಸಿಟ್ಟು. ಒಳಕೋಣೆಯ ಕಡೆ ಕೈ ತೋರಿಸಿ, "ಮೆಲ್ಲಗೆ ಮಾತಾಡ್ರೇ, ಅವರಿಗೆ ಈಗಷ್ಟೇ ನಿದ್ದೆ ಹತ್ತಿದೆ" ಎಂದುಬಿಟ್ಟೆ.

ನಗುತ್ತಿದ್ದವರೆಲ್ಲ ನನ್ನ ಕಡೆ ತಿರುಗಿದರು. ಉಸಿರು ನಿಂತವರನ್ನು ಬಂಡೆಯ ಗೋರಿಗೆ ಕಳಿಸುವವರೆಗೆ ಮನೆಯಲ್ಲೇ ಮಲಗಿಸಿ "ಹುಷಾರಿಲ್ಲ" ಎನ್ನುವುದು, ಹೊತ್ತುಹೊತ್ತಿಗೆ ಪಕ್ಕದಲ್ಲಿ ಊಟ ಇಡುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ಆದರೆ ಅವರೆಲ್ಲ ಗೊತ್ತಿದ್ದು ಹಾಗೆ ಅನ್ನುತ್ತಾರೆ. ಈ ಎರಡು ವರ್ಷ ನಾನೊಬ್ಬಳು ನಂಬಿಕೊಂಡು ಅಂದಿದ್ದೇನೆ, ಅದು ನನಗೇ ಗೊತ್ತಿರಲಿಲ್ಲ. ಸೋಬೋ ನನ್ನ ಕೈ ಹಿಡಿದು, "ನಂಗೆ ಗೊತ್ತಿತ್ತು ಅತ್ತಿಗೆ" ಎಂದಳು. ಭತ್ತ ಕೇರುವಾಗ ನನ್ನ ಬೆನ್ನಿಗೆ ಅಂಟಿದ ಹೊಟ್ಟು ಅವಳಿಗೆ ಕಾಣುತ್ತದೆ, ನನಗೆ ಕಾಣುವುದಿಲ್ಲ. ಮನಸ್ಸೂ ಹಾಗೆಯೇ ಇರಬೇಕು.

ದೊಡ್ಡಪ್ಪ, "ಹಾಗಾದ್ರೆ ಮುಂದಿನ ವರ್ಷ ನೋಡೋಣ ಬಿಡು" ಎಂದು ಎದ್ದರು. ನಾನೇ ತಡೆದು ಕೂರಿಸಿದೆ. ಕೊಯ್ಲು ಮುಗಿದ ಮೇಲೆ, ಆಗಸ್ಟಿನಲ್ಲಿ ಎಂದು ಗೊತ್ತಾಗಿದೆ. ಮನಸ್ಸು ಗಟ್ಟಿಯಾಯಿತು ಅಂತಲ್ಲ. ಅದಕ್ಕೆ ಕಾಯುತ್ತಾ ಕೂತರೆ ನಿಮ್ಮಪ್ಪ ಹೋಗಬೇಕಾದಲ್ಲಿಗೆ ಹೋಗುವುದೇ ಇಲ್ಲ. ಇವತ್ತು ಬೆಳಿಗ್ಗೆ ಒಲೆಯ ಮುಂದೆ ಕೂತು ನನಗೆ ನಾನೇ ಹೇಳಿಕೊಂಡೆ: ಅವರು ಸತ್ತಿದ್ದಾರೆ. ಈ ಮಾತು ಬರೆಯುತ್ತಿರುವುದೂ ಇದೇ ಮೊದಲು. ತುಂಬ ಸಂಕಟವಾಗುತ್ತಿದೆ ರನ್ನು.

ನಿನಗೆ ದುಃಖವಿಲ್ಲ ಎಂದರೆ ನಂಬುತ್ತೇನೆ. ಆದರೆ ಆಗಸ್ಟಿಗೆ ಮೊದಲೇ ಒಮ್ಮೆ ಬಾ. ಅವರ ಪಕ್ಕ ಸ್ವಲ್ಪ ಹೊತ್ತು ಕೂತುಕೋ. ನಿನ್ನ ಓದು ಬಿಡಿಸಲು ಹೊರಟಿದ್ದರಲ್ಲ, ಅದಕ್ಕೆ ಬಾಯಿತುಂಬ ಬೈದುಬಿಡು. ಆಮೇಲೆ ಹೇಳು, ಏನಿದೆ, ಏನಿಲ್ಲ ಅಂತ. ನನಗಾಗಿ ಇಷ್ಟು ಮಾಡು, ನನ್ನ ಬಂಗಾರ.

ನಿನ್ನ ದಾರಿ ನೋಡುತ್ತಿರುವ
ಅಮ್ಮ

ತಾ.ಕ.: ಈ ಕಾಗದವನ್ನು ನಿಮ್ಮಪ್ಪನಿಗೂ ಓದಿ ಹೇಳಿದೆ. ಆ ಒಂದು ಮಾತು ಬಿಟ್ಟು.