ಸ್ಟಾಫ್ ರೂಮಿನ ತೂಕದ ಪಟ್ಟಿ ಮತ್ತು ನನ್ನ ಥೈರಾಯ್ಡ್

ಮಾನ್ಯ ಶಾಲಾ ಕಾರ್ಯದರ್ಶಿಗಳೇ,

ಸ್ಟಾಫ್ ರೂಮಿನ ಬಾಗಿಲಿಗೆ ನೀವು ಅಂಟಿಸಿರುವ ತೂಕದ ಪಟ್ಟಿಯನ್ನು ದಯವಿಟ್ಟು ತೆಗೆಸಿ. ಹದಿನಾಲ್ಕು ವರ್ಷಗಳಿಂದ ನಿಮ್ಮ ಬಸವೇಶ್ವರನಗರದ ಶಾಲೆಯಲ್ಲಿ ಮಕ್ಕಳಿಗೆ ಡ್ರಿಲ್ ಹೇಳಿಕೊಡುತ್ತಿರುವ ನಾನು ಇದನ್ನೇ ಎರಡು ಸಲ ಬರೆದುಕೊಟ್ಟೆ. ನೀವು ಉತ್ತರಿಸುವ ಕೃಪೆ ಮಾಡಲಿಲ್ಲ. ಹಾಗಾಗಿ ಈಗ ಬಡಾವಣೆಯ ಪತ್ರಿಕೆಯಲ್ಲಿ ನಾಲ್ಕು ಜನಕ್ಕೆ ಕೇಳುವಂತೆ ಹೇಳುತ್ತಿದ್ದೇನೆ.

ಆ ನಾಲ್ಕು ಜನಕ್ಕೆ ವಿಷಯ ತಿಳಿಯಲಿ. 'ಸದೃಢ ಶಿಕ್ಷಕರು, ಸದೃಢ ಶಾಲೆ' ಎಂಬ ತಮ್ಮ ಘನ ಯೋಜನೆಯ ಪ್ರಕಾರ ಪ್ರತಿ ಸೋಮವಾರ ಪ್ರಾರ್ಥನೆಗೆ ಮುಂಚೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತೂಗಿಸುತ್ತೀರಿ. ತೂಕ ಇಳಿದವರ ಹೆಸರು ಹಸಿರು ಶಾಯಿಯಲ್ಲಿ, ಇಳಿಯದವರದು ಕೆಂಪಿನಲ್ಲಿ. ಸಾಲಿನಲ್ಲಿ ನಿಲ್ಲುವ ಮುಂಚೆ ನಮ್ಮ ಟೀಚರುಗಳು ಬಳೆ ಬಿಚ್ಚಿಡುತ್ತಾರೆ, ನೀರು ಕುಡಿಯುವುದಿಲ್ಲ, ಸೀರೆಯ ಪಿನ್ನನ್ನೂ ತೆಗೆಯುತ್ತಾರೆ. ಹನ್ನೆರಡು ವಾರ ಕೆಂಪಾದರೆ ಡ್ರಿಲ್ ಟೀಚರನ್ನು ಮೈದಾನದಿಂದ ಗ್ರಂಥಾಲಯಕ್ಕೆ ಕಳಿಸುತ್ತೀರಂತೆ. ನನಗೆ ಹನ್ನೊಂದು ವಾರ ಮುಗಿದಿದೆ.

"ಏನ್ ಲತಾ ಮೇಡಂ, ಮನೇಲಿ ಚೆನ್ನಾಗಿ ಬಾರಿಸ್ತೀರಾ ಅನ್ಸುತ್ತೆ!" ಎಂದು ಎಲ್ಲರೆದುರು ನಕ್ಕಿರಿ. ಅವತ್ತು ನಾನು ತಿಂದಿದ್ದು ಒಂದೇ ಒಂದು ಇಡ್ಲಿ ಸಾರ್! ಸಿಟ್ಟೂ ಬಂತು, ಅಳುವೂ ಬಂತು. ಅನ್ನ ಬಿಟ್ಟೆ, ಸಕ್ಕರೆ ಬಿಟ್ಟೆ, ಮಕ್ಕಳು ಮನೆಗೆ ಹೋದ ಮೇಲೆ ಒಬ್ಬಳೇ ಮೈದಾನ ಸುತ್ತಿದೆ. ಉದುರಿದ್ದು ಕೂದಲು ಮಾತ್ರ. ತೂಕ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಕೊನೆಗೆ ನಮ್ಮ ರಸ್ತೆಯ ಕ್ಲಿನಿಕ್ಕಿಗೆ ಹೋದೆ. ರಕ್ತಪರೀಕ್ಷೆಯ ವರದಿ ನೋಡಿ ಡಾಕ್ಟರು ಕೇಳಿದರು: "ಎರಡು ವರ್ಷದಿಂದ ಥೈರಾಯ್ಡ್ ಮಾತ್ರೆ ತಗೋತಾ ಇದೀರಲ್ಲ, ಹೆಂಗ್ ತಗೋತೀರಮ್ಮ?"

"ನಮ್ಮತ್ತೆ ಕೊಡೋ ಕಾಫಿ ಜೊತೆ, ಡಾಕ್ಟ್ರೇ."

ಅವರು ಹಣೆ ಚಚ್ಚಿಕೊಂಡರು. ನಮ್ಮತ್ತೆ ಅಕ್ಕಯ್ಯಮ್ಮ ಬೆಳಗ್ಗೆ ಐದೂವರೆಗೇ ಡಿಕಾಕ್ಷನ್ ಇಳಿಸಿ, ಕಾಫಿ ಲೋಟದ ಪಕ್ಕ ಮಾತ್ರೆ ಇಟ್ಟು ನನ್ನನ್ನು ಎಬ್ಬಿಸುತ್ತಾರೆ. ಬರೀ ಹೊಟ್ಟೆಗೆ ಮಾತ್ರೆ ಬೀಳಬಾರದು ಎನ್ನುವ ಅಕ್ಕರೆ. ಆದರೆ ಕಾಫಿ ಆ ಮಾತ್ರೆಯನ್ನು ಮೈಗೆ ಸರಿಯಾಗಿ ಹತ್ತಲು ಬಿಡುವುದಿಲ್ಲವಂತೆ. ನೀರಿನಲ್ಲಿ ನುಂಗಿ, ಗಂಟೆ ಹೊತ್ತು ಸುಮ್ಮನಿರಬೇಕಂತೆ. "ಅಯ್ಯೋ, ನನ್ ಕೈಯಾರೆ ಹಿಂಗ್ ಮಾಡ್ಬಿಟ್ನಲ್ಲೇ!" ಎಂದು ಅತ್ತೆ ಪೇಚಾಡಿದರು. ಈಗ ಗಡಿಯಾರ ನೋಡುತ್ತ ಕಾವಲು ಕೂರುತ್ತಾರೆ. ನಾನು ಅಡುಗೆಮನೆ ಕಡೆ ಇಣುಕಿದರೆ "ಇನ್ನೂ ಹತ್ತು ನಿಮಿಷ ಐತೆ, ಸುಮ್ನೆ ಕೂತ್ಕೊಳೇ" ಎಂದು ಗದರುತ್ತಾರೆ.

ಹಾಗಾದರೆ ಇನ್ನು ತೂಕ ಇಳಿಯಬೇಕಲ್ಲ ಎನ್ನುತ್ತೀರಿ. ಹಾರ್ಮೋನು ಹದಕ್ಕೆ ಬರಲು ತಿಂಗಳುಗಳು ಬೇಕು, ಬಂದ ಮೇಲೂ ಅದರಿಂದ ಇಳಿಯುವುದು ಕೆಲವೇ ಕಿಲೋ ಎಂದು ಡಾಕ್ಟರು ಮುಂಚೆಯೇ ಹೇಳಿದ್ದಾರೆ. ಕೊರಳಲ್ಲಿರುವ ಆ ಪುಟ್ಟ ಗ್ರಂಥಿ ಮಂಕಾದರೆ ಇಡೀ ದೇಹ ನಿಧಾನವಾಗುತ್ತದೆ. ಅದು ನಿಮ್ಮ ಸುತ್ತೋಲೆ ಓದಿ ಚುರುಕಾಗುವುದಿಲ್ಲ ಸಾರ್. ಅದಕ್ಕೂ ಒಂದು ಮೆಮೊ ಕೊಡುತ್ತೀರಾ? ನನ್ನ ಜೊತೆಗೇ ಕೆಂಪಾಗಿರುವ ಇನ್ನೊಬ್ಬ ಟೀಚರಿಗೆ ಪಿಸಿಒಡಿ, ತೂಕ ಏರಿಸುವ ಅಂಡಾಶಯದ ತೊಂದರೆ. ತಿಂಗಳ ಮುಟ್ಟೇ ಏರುಪೇರಾಗಿರುವ ಹೆಣ್ಣುಮಗಳು ಅದನ್ನು ಸಾಲಿನಲ್ಲಿ ನಿಂತು ನಿಮಗೆ ವಿವರಿಸಬೇಕೇ?

ಇಷ್ಟಕ್ಕೇ ಆಗಿದ್ದರೆ ನಾನು ಪತ್ರಿಕೆಯವರೆಗೆ ಬರುತ್ತಿರಲಿಲ್ಲವೇನೋ. ಹೋದ ಗುರುವಾರ ಏಳನೇ ತರಗತಿಯ ಶಿವಾನಿ ಡ್ರಿಲ್ ಮಾಡುತ್ತಲೇ ತಲೆಸುತ್ತಿ ಕುಸಿದಳು. ಚೀಲ ತೆಗೆದು ನೋಡಿದರೆ ಊಟದ ಡಬ್ಬಿ ಹಾಗೇ ಇತ್ತು.

"ಯಾಕ್ ತಿಂದಿಲ್ಲ ಕಣೇ?"

"ಮಿಸ್, ನಾನೂ ದಪ್ಪ ಇದೀನಿ. ನನ್ ಹೆಸ್ರೂ ಬಾಗಿಲಿಗೆ ಹಾಕ್ತಾರಾ?"

ನೋಟ್‌ಬುಕ್ ಕೊಡಲು ಮಕ್ಕಳು ಬರುವುದು ಅದೇ ಬಾಗಿಲಿಗೆ ಎಂಬುದು ತಮ್ಮ ಯೋಜನೆಗೆ ಹೊಳೆಯಲೇ ಇಲ್ಲವೇ? ಬೇವಿನ ಮರದ ಕೆಳಗೆ ಕೂತು ಅವಳ ಚಿತ್ರಾನ್ನವನ್ನು ಇಬ್ಬರೂ ಹಂಚಿಕೊಂಡು ತಿಂದೆವು. ನಾನು ಮೊದಲ ತುತ್ತು ತಿಂದ ಮೇಲೆಯೇ ಅವಳು ಬಾಯಿ ತೆರೆದಳು.

ಹಾಗಾಗಿ ಸೋಮವಾರ ನಾನು ತೂಕದ ಯಂತ್ರ ಹತ್ತುವುದಿಲ್ಲ. ಗ್ರಂಥಾಲಯಕ್ಕೆ ಕಳಿಸುವುದಾದರೆ ಕಳಿಸಿ. ಮೈದಾನ ಬಿಡುವುದೆಂದರೆ ನನಗೆ ಪ್ರಾಣಸಂಕಟ, ಆದರೂ ಹೋಗುತ್ತೇನೆ. ಪಟ್ಟಿಯನ್ನು ಮಾತ್ರ ಅಷ್ಟರೊಳಗೆ ನೀವೇ ತೆಗೆಸಿರಬೇಕು. ಇಲ್ಲವಾದರೆ ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ, ಮಕ್ಕಳೆಲ್ಲ ನೋಡುತ್ತಿರುವಾಗ, ಶಿವಾನಿಯ ಕೈಯಿಂದಲೇ ಅದನ್ನು ಹರಿದು ಹಾಕಿಸುತ್ತೇನೆ.

ಇಂತಿ,
ಸೋಮವಾರದವರೆಗಂತೂ ನಿಮ್ಮ ಡ್ರಿಲ್ ಟೀಚರ್,
ಲತಾ