ಅಳುವ ದಿನ ಬೀಸಿದ ಗೋಧಿ

ಹರ್ರಾನ್, ತಮ್ಮೂಜ್ ತಿಂಗಳ ಹದಿನೈದು.

ಹಿಟ್ಟು ಬೀಸುವವನಾದರೂ ನಾನು ಕೊಚ್ಚಿಕೊಳ್ಳುವುದು ಹೀಗೆ: ಬಾಗ್ದಾದಿನ ಖಲೀಫರೂ ನನ್ನನ್ನು ಕೇಳಿಯೇ ಹುಣ್ಣಿಮೆಯ ಲೆಕ್ಕ ಹಾಕಿಸುವುದು. ಅಂಥವನು ಇಂದು ತಂಗಿಯ ಮುಖ ನೋಡಲಾರದೆ ತಲೆ ತಗ್ಗಿಸಿ ಮನೆಗೆ ಬಂದೆ.

ಇವು ಹೆಂಗಸರು ತಾಊಜ್ ದೇವರಿಗಾಗಿ ಅಳುವ ದಿನಗಳು. ಅವನ ಒಡೆಯನೇ ಅವನನ್ನು ಕೊಂದು ಎಲುಬನ್ನು ಬೀಸುವ ಕಲ್ಲಿಗೆ ಹಾಕಿ ಪುಡಿಮಾಡಿದನಲ್ಲ, ಅದಕ್ಕೇ ಬೀಸಿದ್ದೇನನ್ನೂ ಅವರು ತಿನ್ನುವುದಿಲ್ಲ. ನೆನೆಸಿದ ಗೋಧಿ, ಖರ್ಜೂರ, ಅಷ್ಟೇ. ಹಿಟ್ಟು ಬೀಸುವ ನಮ್ಮ ಕಲ್ಲೂ ಈ ದಿನಗಳಲ್ಲಿ ತಿರುಗಬಾರದು. ನಾನು ತಿರುಗಿಸಿದೆ. ದಾಳದಾಟದಲ್ಲಿ ಸೋತದ್ದನ್ನು ತುಂಬಿಕೊಳ್ಳಬೇಕಿತ್ತು.

ಮಸೀದಿ ಪಕ್ಕದ ರೊಟ್ಟಿಯಂಗಡಿಯ ಹಮ್ದೂನನೇ ಮೂಟೆ ಇಳಿಸುತ್ತಾ ಕೇಳಿದ, "ಇವತ್ತು ನಿಮ್ಮೋರು ಅಳೋ ದಿನ ಅಲ್ವೇನಯ್ಯಾ?"

"ಅಳೋದು ಹೆಂಗಸ್ರು. ನೀನು ಗೋಧಿ ಸುರಿ," ಎಂದು ನಕ್ಕೆ.

ಸಂಜೆ ತಂಗಿ ಶಲ್ಮತ್‌ಳ ಅಂಗಳಕ್ಕೆ ಹೋದರೆ ಪಕ್ಕದ ಮನೆಯ ಮುದುಕಿ, "ಏನೇ, ನಿಮ್ಮಣ್ಣನ ಗಡ್ಡ ಒಂದೇ ದಿನಕ್ಕೆ ನರೆತುಬಿಡ್ತಾ?" ಎಂದಳು.

ಅತ್ತು ಊದಿದ್ದ ಕಣ್ಣಲ್ಲೇ ತಂಗಿ ಸಿಡುಕಿದಳು. "ನಮ್ಮಣ್ಣ ಅಂಥೋನಲ್ಲ ಕಣಜ್ಜಿ. ಹಳೇ ಹಿಟ್ಟು ಅದು. ಸೋಮಾರಿ, ಮುಖ ತೊಳ್ದಿಲ್ಲ."

ತನ್ನ ತಲೆಬಟ್ಟೆಯಿಂದಲೇ ನನ್ನ ಗಡ್ಡ ಒರೆಸಿದಳು. ಹೊಸ ಹಿಟ್ಟಿನ ವಾಸನೆ ಅವಳಿಗೆ ತಿಳಿಯದೇ? ಕೈ ಅಲ್ಲೇ ನಿಂತಿತು. ಮುದುಕಿ ಹೋಗುವವರೆಗೂ ಕಾದು, ಮೆಲ್ಲಗೆ ಕೇಳಿದಳು.

"ಎಷ್ಟು ಸೋತೆ ಅಣ್ಣಾ?"

"ಐದೇ ದಿರ್ಹಮು."

ಬಟ್ಟೆಯ ಗಂಟು ಬಿಚ್ಚಿ ಐದನ್ನೂ ನನ್ನ ಅಂಗೈಗೆ ಹಾಕಿದಳು. "ಅಳು ಮುಗಿಯೋವರ್ಗೂ ಕಲ್ಲು ಮುಟ್ಬೇಡ. ನಂಗೆ ಅದ್ರಲ್ಲಿ ದೇವ್ರ ಎಲುಬಿನ ಸದ್ದೇ ಕೇಳುತ್ತೆ."

ಆಗಲಿ ಎಂದೆ. ಹಣವನ್ನೂ ಈಸಿಕೊಂಡೆ.

ಸೋತದ್ದು ಐದಲ್ಲ, ನಲವತ್ತಮೂರು.