ವೇಗದ ಬಸ್ಸಿಗಾಗಿ ಕಳೆದುಕೊಂಡ ನಿಧಾನದ ಬಸ್ಸು

ನಗರ ಸಾರಿಗೆ ಯೋಜನಾ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ, ನಮ್ಮ ಬಡಾವಣೆಗೆ ಇದ್ದ ಬಸ್ಸನ್ನು ಕಿತ್ತುಕೊಂಡಿರಿ. ಬರಬೇಕಿದ್ದ ತ್ವರಿತ ಬಸ್ಸನ್ನು ಈಗ ರದ್ದು ಮಾಡಿದ್ದೀರಿ. 'ಈ ಮಾರ್ಗದಲ್ಲಿ ಪ್ರಯಾಣಿಕರ ಬೇಡಿಕೆ ಕಂಡುಬಂದಿಲ್ಲ' ಎನ್ನುತ್ತದೆ ನಿಮ್ಮ ಪ್ರಕಟಣೆ. ಅಂದರೆ ತಪ್ಪು ನಮ್ಮದೇ. ಆ ಬೇಡಿಕೆ ಎಲ್ಲಿ ಹೋಯಿತೆಂದು ತಿಳಿಸಲು ಈ ಪತ್ರ.

ಕಳೆದ ವರ್ಷ ನೀವೇ ಶಾಲೆಯ ಸಭಾಂಗಣಕ್ಕೆ ಬಂದು ಪರದೆಯ ಮೇಲೆ ಚಿತ್ರ ತೋರಿಸಿದಿರಿ. ರಸ್ತೆಯ ನಡುವೆ ಬಸ್ಸಿಗೇ ಮೀಸಲಾದ ಪಥ, ಗಾಜಿನ ನಿಲ್ದಾಣ, ಅದರೊಳಗೆ ನಗುತ್ತ ನಿಂತ ಜನ. ಅಷ್ಟು ಒಳ್ಳೆಯ ಹಲ್ಲು ನಮ್ಮ ಬಡಾವಣೆಯಲ್ಲಿ ಯಾರಿಗೂ ಇಲ್ಲ ಎಂದು ನನ್ನ ಅತ್ತೆ ಕಿವಿಯಲ್ಲಿ ಹೇಳಿದರು. ಆದರೂ ಚಪ್ಪಾಳೆ ತಟ್ಟಿದವರಲ್ಲಿ ಅವರೇ ಮೊದಲಿಗರು. ಮೂತ್ರಪಿಂಡ ಕೈಕೊಟ್ಟ ಮೇಲೆ ದಿನ ಬಿಟ್ಟು ದಿನ ಡಯಾಲಿಸಿಸ್‌ಗೆಂದು ನಗರದ ಆಸ್ಪತ್ರೆಗೆ ಹೋಗುವ ಹೆಂಗಸು. ಬಸ್ಸು ಬೇಗ ತಲುಪುತ್ತದೆಂದರೆ ಅವರಿಗಿಂತ ಖುಷಿ ಯಾರಿಗಿದ್ದೀತು? ಮರುತಿಂಗಳೇ, ಕಾಮಗಾರಿಗೆ ರಸ್ತೆ ತೆರವಾಗಬೇಕೆಂದು ಹಳೆಯ ಬಸ್ಸನ್ನು ನಿಲ್ಲಿಸಿದಿರಿ. ಕಾಮಗಾರಿಗೆ ಹಣವೇ ಇನ್ನೂ ಮಂಜೂರಾಗಿಲ್ಲವೆಂಬುದು ಆಮೇಲೆ ತಿಳಿಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೆವು. ಕೂಸು ಬರುತ್ತದೆಂದು ಮನೆಯ ಹಿರಿಯರನ್ನು ಹೊರಗೆ ಹಾಕಿದವರನ್ನು ಕಂಡಿದ್ದು ಇದೇ ಮೊದಲು.

ನನ್ನದು ಕನ್ನಡಕದಂಗಡಿ. ಗಂಡ ಕಾರ್ಖಾನೆಯ ಮೊದಲ ಪಾಳಿಗೆ ಬೈಕಿನಲ್ಲಿ ಹೋಗಿಬಿಡುತ್ತಾರೆ. ಅತ್ತೆಗೆ ಬೈಕು ಹತ್ತುವ ಶಕ್ತಿಯಿಲ್ಲ, ದಿನ ಬಿಟ್ಟು ದಿನ ಬಾಡಿಗೆ ಕಾರು ಮಾಡುವ ಶಕ್ತಿ ನಮಗಿಲ್ಲ. ಪಕ್ಕದ ಬೇಕರಿಯವನು ನಗರಕ್ಕೆ ಬ್ರೆಡ್ಡು ಸಾಗಿಸುವ ವ್ಯಾನಿನಲ್ಲಿ ಅವರನ್ನು ಕೂರಿಸಿಕೊಂಡು ಹೋಗತೊಡಗಿದ. ಮುಂದಿನ ಸೀಟಿನಲ್ಲಿ ಇನ್ನೊಬ್ಬ ರೋಗಿ. ಅತ್ತೆ ಹಿಂದೆ, ಬ್ರೆಡ್ಡಿನ ಕ್ರೇಟುಗಳ ನಡುವೆ, ಮಡಚುವ ಕುರ್ಚಿಯ ಮೇಲೆ. ಒಂದು ದಿನ ತಿರುವಿನಲ್ಲಿ ಕುರ್ಚಿ ಮಗುಚಿ, ಡಯಾಲಿಸಿಸ್ ಸೂಜಿ ಚುಚ್ಚುವ ಕೈಯೇ ಕ್ರೇಟಿಗೆ ಬಡಿದು ಬಾತುಕೊಂಡಿತು. ಅವತ್ತು ಡಯಾಲಿಸಿಸ್ ಆಗಲಿಲ್ಲ. ಬೇಕರಿಯವನು ಅಳುವಂತಾಗಿ ಕ್ಷಮೆ ಕೇಳಿದ; ಬ್ರೆಡ್ಡು ಜಜ್ಜಿಹೋಯಿತಲ್ಲ ಎಂದು ಅತ್ತೆ ಅವನ ಕ್ಷಮೆ ಕೇಳಿದರು. ಇಬ್ಬರೂ ಕೇಳಿಯಾಯಿತು. ಕೇಳಬೇಕಾದವರು ಮಾತ್ರ ಬಾಕಿ ಉಳಿದಿದ್ದಾರೆ.

ಅಷ್ಟರಲ್ಲಿ ನಿಮ್ಮ ಯೋಜನೆಗೆ ಸಾಲ ಕೊಡಬೇಕಿದ್ದ ಬ್ಯಾಂಕು, ಈ ಮಾರ್ಗದಲ್ಲಿ ಪ್ರಯಾಣಿಕರೆಷ್ಟು ಎಂದು ಕೇಳಿತಂತೆ. ನಿಮ್ಮ ಸಮೀಕ್ಷಕ ಬರುವ ಸುದ್ದಿ ತಿಳಿದು ಅರ್ಧ ಬಡಾವಣೆ ಹಳೆಯ ನಿಲ್ದಾಣದಲ್ಲಿ ಸಾಲುಗಟ್ಟಿತು. ನಾನೂ ಅಂಗಡಿ ಮುಚ್ಚಿ ಅತ್ತೆಯನ್ನು ಕರೆದುಕೊಂಡು ಹೋದೆ. ಆತ ಬಹಳ ವಿನಯದಿಂದಲೇ ವಿವರಿಸಿದ: ಬಸ್ಸು ಹತ್ತಿದವರು ಮಾತ್ರ ಪ್ರಯಾಣಿಕರು, ಉಳಿದವರು ಬರೀ ನಿಂತವರು, ನಿಂತವರನ್ನು ಎಣಿಸಲು ತನಗೆ ಆದೇಶವಿಲ್ಲ.

"ಬಸ್ ಕಳಿಸಪ್ಪ, ಹತ್ತಿ ತೋರಿಸ್ತೀನಿ," ಎಂದರು ಅತ್ತೆ.

ಆತ ತಲೆ ತಗ್ಗಿಸಿ ಸೊನ್ನೆ ಬರೆದುಕೊಂಡ. ಆ ಸೊನ್ನೆ ನೋಡಿ ಬ್ಯಾಂಕು ಸಾಲ ಇಲ್ಲವೆಂದಿತು, ನೀವು ಯೋಜನೆ ಇಲ್ಲವೆಂದಿರಿ. ಸ್ವಾಮಿ, ಬಾವಿಗೆ ಮುಚ್ಚಳ ಜಡಿದು, ಇಲ್ಲಿ ಯಾರಿಗೂ ಬಾಯಾರಿಕೆಯಿಲ್ಲ ಎಂದು ವರದಿ ಬರೆದರೆ ಅದನ್ನು ಸಮೀಕ್ಷೆ ಎನ್ನುತ್ತಾರೆಯೇ?

ಅತ್ತೆ ಈಗ ಆಸ್ಪತ್ರೆಯ ಹತ್ತಿರ, ನನ್ನ ನಾದಿನಿಯ ಒಂದೇ ಕೋಣೆಯ ಮನೆಯಲ್ಲಿದ್ದಾರೆ. ಹೋಗುವಾಗ ಅತ್ತರು ಎಂದು ಬರೆದರೆ ಸುಳ್ಳಾದೀತು. ಕುಕ್ಕರಿನ ರಬ್ಬರು ಬದಲಿಸಿಲ್ಲವೆಂದು ನನ್ನನ್ನು ಬೈದು ಹೋದರು. ಅತ್ತೆಯಿಲ್ಲದ ಮನೆ ಸೊಸೆಗೆ ಸ್ವರ್ಗ ಅಂತಾರೆ. ಆ ಸ್ವರ್ಗದಲ್ಲಿ ಮಧ್ಯಾಹ್ನ ಒಬ್ಬಳೇ ಕೂತು ಉಣ್ಣುತ್ತಿದ್ದೇನೆ. ಮೊನ್ನೆ ಫೋನು ಮಾಡಿ, ಬಸ್ಸು ಶುರುವಾಯಿತೇ ಎಂದು ಕೇಳಿದರು. ಇಲ್ಲವೆಂದೆ. "ಹಾಗಾದ್ರೆ ನನ್ನ ಹಾಸಿಗೆ ಮಡಚಿಡು, ಧೂಳು ಕೂರುತ್ತೆ," ಎಂದರು.

ನಾನು ಮಡಚಿಲ್ಲ.

ನಮ್ಮ ಬೇಡಿಕೆ ಇಷ್ಟೆ. ಬರುವ ಸೋಮವಾರದಿಂದ ಹಳೆಯ ಬಸ್ಸನ್ನು ಓಡಿಸಿ. ಅದು ತಡವಾಗಲಿ, ಗಡಗಡ ಎನ್ನಲಿ, ನಮ್ಮ ತಕರಾರಿಲ್ಲ. ಆಮೇಲೆ ಅದರೊಳಗಿನ ಜನರನ್ನು ಎಣಿಸಿ, ಆ ಲೆಕ್ಕ ಹಿಡಿದು ಮತ್ತೆ ಬ್ಯಾಂಕಿನ ಬಾಗಿಲು ತಟ್ಟಿ. ಮೊದಲ ದಿನವೇ ಆಸ್ಪತ್ರೆಯ ನಿಲ್ದಾಣದಲ್ಲಿ ಒಬ್ಬ ಹಿರಿಯ ಹೆಂಗಸು ಚೀಲ ಹಿಡಿದು ನಮ್ಮ ಕಡೆಗೆ ಬರುವ ಬಸ್ಸು ಹತ್ತುತ್ತಾರೆ. ಅವರನ್ನು ಎಣಿಸಲು ಮರೆಯಬೇಡಿ.

ಇಂತಿ,
ಪ್ರಯಾಣಿಕಳೆಂದು ಇನ್ನೂ ಸಾಬೀತಾಗದ ಒಬ್ಬ ಸೊಸೆ